ಮನಸ್ಸು ಕದಡುವ ವಿಡಿಯೋ: ನೋಡಬೇಕೇ, ಬಿಡಬೇಕೇ ಎಂದು ನಿರ್ಧರಿಸುವ ಬಗೆ

ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಬೀದಿನಾಯಿ ದಾಳಿಯ ಸಿಸಿಟಿವಿ ದೃಶ್ಯ, ಕುಟುಂಬದ ಗುಂಪಿನಲ್ಲಿ ಹೊರವರ್ತುಲ ರಸ್ತೆಯ ಅಪಘಾತ, ಸುದ್ದಿವಾಹಿನಿಯಲ್ಲಿ ಕೆಂಪು ವೃತ್ತ ಹಾಕಿ ಮತ್ತೆ ಮತ್ತೆ ತೋರಿಸುವ ನೂಕುನುಗ್ಗಲು: ಬೆಂಗಳೂರಿನಲ್ಲಿ ಬದುಕುವವರ ಪರದೆಯ ಮೇಲೆ ಇವೆಲ್ಲ ಕೇಳದೆಯೇ ಬಂದು ಕೂರುತ್ತವೆ. ಹೆಚ್ಚಿನವರು ನೋಡಿ, 'ಅಯ್ಯೋ ಪಾಪ' ಎಂದು ಮುಂದಕ್ಕೆ ಹೋಗುತ್ತಾರೆ. ಕೆಲವರಿಗೆ ಮಾತ್ರ ಅದು ಅಷ್ಟು ಸುಲಭವಲ್ಲ. ಅವರಿಗೆ ಊಟ ಸೇರುವುದಿಲ್ಲ, ನಿದ್ದೆ ಹತ್ತುವುದಿಲ್ಲ, ಮರುದಿನ ಕಚೇರಿಯಲ್ಲಿ ಕೆಲಸದ ನಡುವೆ ಆ ದೃಶ್ಯ ಕಣ್ಣಿಗೆ ಕಟ್ಟಿದಂತೆ ನಿಂತುಬಿಡುತ್ತದೆ. ಈ ಬರಹ ಅಂಥವರಿಗಾಗಿ. ಇಂತಹ ವಿಡಿಯೋಗಳನ್ನು ಎಂದಿಗೂ ನೋಡಬಾರದೆಂದು ನಾನು ಹೇಳುವುದಿಲ್ಲ. ನೋಡುವುದೂ ಬಿಡುವುದೂ ನಿಮ್ಮ ತೀರ್ಮಾನವಾಗಿರಬೇಕೇ ಹೊರತು, ಬೆರಳು ತಾಗಿದ್ದರಿಂದಲೋ ಪಕ್ಕದವರು ಒತ್ತಾಯಿಸಿದ್ದರಿಂದಲೋ ನಡೆದುಹೋಗುವ ಸಂಗತಿಯಾಗಬಾರದು ಎಂಬುದಷ್ಟೇ ನನ್ನ ವಾದ.

ನಿಮ್ಮ ಸೂಕ್ಷ್ಮತೆ ಯಾವ ಬಗೆಯದು

'ದುರ್ಬಲ ಹೃದಯದವರು ನೋಡಬೇಡಿ' ಎಂದು ವಾಹಿನಿಗಳು ಹಾಕುವ ಸಾಲಿನಿಂದ ಯಾರಿಗೂ ಪ್ರಯೋಜನವಿಲ್ಲ, ಏಕೆಂದರೆ ಎಲ್ಲ ಬಗೆಯ ಸಂಕಟವನ್ನೂ ಅದು ಒಂದೇ ದೌರ್ಬಲ್ಯವೆಂದು ಎಣಿಸುತ್ತದೆ. ವಾಸ್ತವದಲ್ಲಿ ಒಬ್ಬೊಬ್ಬರಿಗೆ ತಟ್ಟುವುದು ಒಂದೊಂದು. ರಕ್ತ ಅಥವಾ ಸೂಜಿ ಕಂಡೊಡನೆ ತಲೆ ಸುತ್ತಿ ಬೀಳುವವರು ಕೊಲೆಯ ಸುದ್ದಿಯನ್ನು ನಿರಾಳವಾಗಿ ಓದಬಲ್ಲರು. ಶಸ್ತ್ರಚಿಕಿತ್ಸೆಯನ್ನು ಕಣ್ಣು ಮಿಟುಕಿಸದೆ ನೋಡುವ ನರ್ಸ್ ಒಬ್ಬರು ಕರುವನ್ನು ಹೊಡೆಯುವ ದೃಶ್ಯಕ್ಕೆ ವಾರಗಟ್ಟಲೆ ಕೊರಗಬಹುದು. ಅಪಘಾತದಲ್ಲಿ ಮನೆಯವರನ್ನು ಕಳೆದುಕೊಂಡವರಿಗೆ ರಕ್ತವಿಲ್ಲದ, ಮಗುಚಿ ಬಿದ್ದ ಸ್ಕೂಟರಿನ ಚಿತ್ರವೊಂದೇ ಸಾಕು. ಇನ್ನು ಕೆಲವರಿಗೆ ದೃಶ್ಯಕ್ಕಿಂತ ಧ್ವನಿಯೇ, ಅದರಲ್ಲಿಯೂ ಹೆತ್ತವರ ಆಕ್ರಂದನವೇ, ಹೆಚ್ಚು ಕಾಲ ಕಾಡುತ್ತದೆ.

ಹಿಂದೆ ಯಾವ ಬಗೆಯ ವಿಡಿಯೋ ನಿಮ್ಮನ್ನು ಕಾಡಿತು, ಎಷ್ಟು ಹೊತ್ತು ಅಥವಾ ಎಷ್ಟು ದಿನ ಕಾಡಿತು, ಅದರಲ್ಲಿ ತಟ್ಟಿದ್ದು ನೋಟವೋ ಧ್ವನಿಯೋ ಕಥೆಯೋ ಎಂಬುದನ್ನು ಒಮ್ಮೆ ಸಮಾಧಾನದಿಂದ ನೆನೆದುಕೊಳ್ಳಿ. ಸಂಜೆಯೊಳಗೆ ಮರೆಯಾಗುವ ಬೇಸರವೇ ಬೇರೆ, ನಿದ್ದೆ ಕೆಡಿಸುವ ದೃಶ್ಯವೇ ಬೇರೆ. ಮೊದಲನೆಯದಕ್ಕಾಗಿ ಇಷ್ಟೊಂದು ಮುಂಜಾಗ್ರತೆ ಬೇಕಿಲ್ಲ.

ಆಯ್ಕೆ ನಿಮ್ಮ ಕೈಯಲ್ಲಿ ಉಳಿಯುವಂತೆ ಮಾಡಿಕೊಳ್ಳುವುದು

ತಾನಾಗಿಯೇ ಓಡತೊಡಗುವ ವಿಡಿಯೋದ ಮುಂದೆ ನಿರ್ಧಾರಕ್ಕೆ ಎಡೆಯೇ ಇರುವುದಿಲ್ಲ. ಆದ್ದರಿಂದ ಮೊದಲು ಫೋನಿನ ಸೆಟ್ಟಿಂಗ್ಸ್ ಸರಿಪಡಿಸಬೇಕು. ವಾಟ್ಸಾಪ್‌ನಲ್ಲಿ 'ಸ್ಟೋರೇಜ್ ಅಂಡ್ ಡೇಟಾ' ವಿಭಾಗಕ್ಕೆ ಹೋಗಿ ವಿಡಿಯೋ ಮತ್ತು ಚಿತ್ರಗಳು ತಾವಾಗಿ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿದರೆ, ಬಂದದ್ದು ಮಸುಕಾದ ಚಿತ್ರವಾಗಿಯಷ್ಟೇ ಕಾಣುತ್ತದೆ ಮತ್ತು ನೀವು ಒತ್ತುವವರೆಗೆ ತೆರೆದುಕೊಳ್ಳುವುದಿಲ್ಲ. ಹಾಗೆಯೇ 'ಮೀಡಿಯಾ ವಿಸಿಬಿಲಿಟಿ'ಯನ್ನು ಆಫ್ ಮಾಡಿದರೆ, ಮಗುವಿನ ಫೋಟೋ ತೋರಿಸಲು ಗ್ಯಾಲರಿ ತೆರೆದಾಗ ಯಾರದೋ ಶವದ ಚಿತ್ರ ಎದುರಾಗುವ ಪ್ರಸಂಗ ತಪ್ಪುತ್ತದೆ. ಫೇಸ್‌ಬುಕ್ ಮತ್ತು ಎಕ್ಸ್‌ನಲ್ಲಿ ಆಟೋಪ್ಲೇ ನಿಲ್ಲಿಸುವ ಆಯ್ಕೆ ಇದೆ. ಯೂಟ್ಯೂಬ್‌ನಲ್ಲಿ ಮುಂದಿನ ವಿಡಿಯೋ ತಾನಾಗಿ ಬರುವುದನ್ನೂ, ಪಟ್ಟಿಯಲ್ಲಿಯೇ ತುಣುಕು ಓಡುವುದನ್ನೂ ಬೇರೆಬೇರೆಯಾಗಿ ಆಫ್ ಮಾಡಬೇಕು. ಇನ್‌ಸ್ಟಾಗ್ರಾಂನ ರೀಲ್ಸ್‌ನಲ್ಲಿ ಇಷ್ಟು ಹಿಡಿತ ಸಿಗುವುದಿಲ್ಲ. ಅಲ್ಲಿ ಸೂಕ್ಷ್ಮ ವಿಷಯಗಳ ಪ್ರಮಾಣವನ್ನು ಕಡಿಮೆ ಮಾಡುವ ಆಯ್ಕೆಯನ್ನು ಬಳಸಿ, ಬೇಡವಾದದ್ದು ಬಂದಾಗಲೆಲ್ಲ 'ನಾಟ್ ಇಂಟರೆಸ್ಟೆಡ್' ಒತ್ತುವುದು ಉಳಿದ ಉಪಾಯ. ಒಂದು ದೊಡ್ಡ ದುರಂತ ನಡೆದ ದಿನ ರೀಲ್ಸ್ ತೆರೆಯದೆ ಇರುವುದು ಇವೆಲ್ಲಕ್ಕಿಂತ ಮೇಲು.

ನೋಡುವುದರಿಂದ ಆಗುವ ಕೆಲಸವೇನು

ಸೆಟ್ಟಿಂಗ್ಸ್‌ನಿಂದ ಒಂದು ಕ್ಷಣದ ಬಿಡುವು ಸಿಕ್ಕಿತು. ಆ ಬಿಡುವಿನಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ 'ಇದನ್ನು ನೋಡುವ ಧೈರ್ಯ ನನಗಿದೆಯೇ' ಎಂಬುದಲ್ಲ. ಧೈರ್ಯದ ಪ್ರಶ್ನೆ ಎತ್ತಿದೊಡನೆ ನೋಡದಿರುವುದು ಸೋಲಾಗಿ ಕಾಣುತ್ತದೆ, ಆಗ ಯಾರೂ ನೆಟ್ಟಗೆ ಯೋಚಿಸಲಾರರು. ಕೇಳಬೇಕಾದದ್ದು ಇಷ್ಟು: ಇದನ್ನು ಕಣ್ಣಾರೆ ನೋಡುವುದರಿಂದ, ಓದಿ ಅಥವಾ ಕೇಳಿ ತಿಳಿಯಲಾಗದ ಯಾವ ಸಂಗತಿ ನನಗೆ ತಿಳಿಯುತ್ತದೆ, ಮತ್ತು ತಿಳಿದ ಮೇಲೆ ನಾನು ಮಾಡಬಹುದಾದ ಕೆಲಸ ಯಾವುದು?

2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಅಂದು ಸಂಜೆಯಿಂದಲೇ ಆ ದೃಶ್ಯಗಳು ಊರಿನ ಫೋನುಗಳನ್ನೆಲ್ಲ ತುಂಬಿದವು. ಮಗ ಅಥವಾ ಮಗಳು ಅಲ್ಲಿಗೆ ಹೋಗಿದ್ದ ಮನೆಯವರಿಗೆ ಬೇಕಾಗಿದ್ದದ್ದು ಫೋನ್ ಕರೆ, ಆಸ್ಪತ್ರೆಗಳ ಹೆಸರು, ಗಾಯಾಳುಗಳ ಪಟ್ಟಿ. ಅಲುಗಾಡುವ ವಿಡಿಯೋದಲ್ಲಿ ಮುಖ ಹುಡುಕುತ್ತಾ ಕೂತರೆ ಅವರ ಆತಂಕ ಹೆಚ್ಚುತ್ತಿತ್ತೇ ಹೊರತು ಮಾಹಿತಿ ಸಿಗುತ್ತಿರಲಿಲ್ಲ. ಉಳಿದ ನಮಗೆ, ಕಿರಿದಾದ ಗೇಟುಗಳ ಬಳಿ ಅಷ್ಟು ಜನ ಸೇರಿದರೆ ಏನಾಗುತ್ತದೆ ಎಂಬುದನ್ನು ಮರುದಿನದ ಪತ್ರಿಕೆಯ ವರದಿ ಯಾವ ತುಣುಕಿಗಿಂತಲೂ ಚೆನ್ನಾಗಿ ತಿಳಿಸಿತು.

ಆದರೆ ನೋಡದಿದ್ದರೆ ಸತ್ತವರಿಗೆ ಅಗೌರವವಾಗುತ್ತದೆ, ಜಗತ್ತಿನ ದುಃಖಕ್ಕೆ ಬೆನ್ನು ತಿರುಗಿಸಿದಂತಾಗುತ್ತದೆ ಎಂಬ ಅಳುಕು ಸೂಕ್ಷ್ಮ ಮನಸ್ಸಿನವರನ್ನೇ ಹೆಚ್ಚು ಕಾಡುತ್ತದೆ. ಇದನ್ನು ಹಗುರವಾಗಿ ತಳ್ಳಿಹಾಕಬಾರದು. ದೃಶ್ಯವೊಂದು ಹೊರಬಂದಿದ್ದರಿಂದಲೇ ಅಧಿಕಾರಿಗಳು ಎಚ್ಚೆತ್ತ, ನ್ಯಾಯಾಲಯಗಳು ವಿಚಾರಿಸಿದ ನಿದರ್ಶನಗಳಿವೆ, ಯಾರಾದರೂ ಅದನ್ನು ನೋಡಲೇಬೇಕಾಗಿತ್ತು. ಆದರೆ ಆ 'ಯಾರಾದರೂ' ನೀವೇ ಆಗಬೇಕೆಂದಿಲ್ಲ. ಪ್ರಾಣಿಹಿಂಸೆಯ ವಿಡಿಯೋ ಕಂಡಾಗ, ಅದನ್ನು ಕೊನೆಯವರೆಗೆ ನೋಡಿ ಮೂರು ದಿನ ಮಂಕಾಗಿ ಕೂರುವುದಕ್ಕಿಂತ, ನೋಡದೆಯೇ 1991ರಿಂದ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿರುವ ಕ್ಯೂಪಾದಂಥ ಪ್ರಾಣಿರಕ್ಷಣಾ ಸಂಸ್ಥೆಗೆ ಸ್ಥಳದ ವಿವರ ಮುಟ್ಟಿಸುವುದೋ ಕೈಲಾದ ಹಣ ಕೊಡುವುದೋ ಆ ಪ್ರಾಣಿಗೆ ಹೆಚ್ಚು ಉಪಯುಕ್ತ. ನೋಡಿದವರೆಲ್ಲ ನೆರವಾಗಿದ್ದರೆ ಫಾರ್ವರ್ಡ್‌ಗಳ ಈ ಊರಿನಲ್ಲಿ ಒಂದೂ ನಾಯಿ ನರಳುತ್ತಿರಲಿಲ್ಲ.

ಹೆಚ್ಚು ನೋಡಿದಷ್ಟೂ ಮನಸ್ಸು ಗಟ್ಟಿಯಾಗುತ್ತದೆ ಎಂಬ ನಂಬಿಕೆಯನ್ನೂ ಪರಿಶೀಲಿಸಬೇಕು. 2013ರ ಏಪ್ರಿಲ್‌ನಲ್ಲಿ ಅಮೆರಿಕದ ಬಾಸ್ಟನ್ ಮ್ಯಾರಥಾನ್‌ನಲ್ಲಿ ಬಾಂಬ್ ಸ್ಫೋಟವಾದ ನಂತರ ಸಂಶೋಧಕರು 4,675 ವಯಸ್ಕರನ್ನು ಪ್ರಶ್ನಿಸಿ, ಮರುವರ್ಷ ಫಲಿತಾಂಶವನ್ನು ಪ್ರಕಟಿಸಿದರು. ಮೊದಲ ವಾರದಲ್ಲಿ ದಿನಕ್ಕೆ ಆರು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಆ ಸುದ್ದಿಯನ್ನು ಮಾಧ್ಯಮಗಳಲ್ಲಿ ನೋಡಿದವರಲ್ಲಿ ತೀವ್ರ ಒತ್ತಡದ ಲಕ್ಷಣಗಳು ಸ್ಫೋಟದ ಸ್ಥಳದಲ್ಲಿದ್ದವರಿಗಿಂತಲೂ ಹೆಚ್ಚಾಗಿದ್ದವು. ಮೊದಲೇ ಕಳವಳದ ಸ್ವಭಾವದವರು ಹೆಚ್ಚು ನೋಡಿರಬಹುದು, ಆದ್ದರಿಂದ ನೋಡಿದ್ದೇ ಏಕೈಕ ಕಾರಣವೆಂದು ಹೇಳಲಾಗದು. ಆದರೂ ನೋಡಿ ನೋಡಿ ಒಗ್ಗಿಹೋಗುತ್ತದೆ ಎನ್ನುವವರಿಗೆ ಈ ಅಧ್ಯಯನದಿಂದ ಬೆಂಬಲ ಸಿಗುವುದಿಲ್ಲ.

ಕುತೂಹಲವೂ ಒಂದು ಕಾರಣವೇ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಅದಕ್ಕೆ ನಾನು ಸೂಚಿಸುವ ಉಪಾಯ ಮುಂದೂಡಿಕೆ. 'ನಾಳೆ ಬೆಳಿಗ್ಗೆ ತಿಂಡಿಯ ನಂತರ ನೋಡುತ್ತೇನೆ' ಎಂದು ಬದಿಗಿಡಿ. ಮರುದಿನಕ್ಕೆ ಬೇರೆ ಫಾರ್ವರ್ಡ್‌ಗಳು ಬಂದು ಅದನ್ನು ಕೆಳಗೆ ತಳ್ಳಿರುತ್ತವೆ, ನಿಮಗೂ ಅದರ ನೆನಪಿರುವುದಿಲ್ಲ.

ಇನ್ನೊಂದು ಬಗೆಯ ವಿಡಿಯೋ ಇದೆ, ಅದನ್ನು ನೋಡುವುದರಲ್ಲಿ ನಿಜವಾದ ಲಾಭವಿರಬಹುದು. ತಾಯಿಗೆ ಮಂಡಿ ಬದಲಿಸುವ ಶಸ್ತ್ರಚಿಕಿತ್ಸೆ ನಿಗದಿಯಾಗಿದೆ, ಮಗ ಯೂಟ್ಯೂಬ್‌ನಲ್ಲಿ ಹುಡುಕುತ್ತಾನೆ. ಮೂಳೆ ಕತ್ತರಿಸುವ ದೃಶ್ಯದಿಂದ ಅವನಿಗೆ ತಿಳಿಯುವಂಥದ್ದು ಏನೂ ಇಲ್ಲ. ಅದೇ ವಿಷಯದ ಅನಿಮೇಷನ್, ಅಥವಾ ಶಸ್ತ್ರಚಿಕಿತ್ಸೆಯ ಮರುದಿನ ವಾಕರ್ ಹಿಡಿದು ನಡೆಸುವ ಫಿಸಿಯೋಥೆರಪಿಯ ವಿಡಿಯೋ ಅವನಿಗೂ ತಾಯಿಗೂ ಬೇಕಾದದ್ದು. ಪೀಣ್ಯದ ಕಾರ್ಖಾನೆಯಲ್ಲಿ ಯಂತ್ರದ ಸುರಕ್ಷತೆಯ ತರಬೇತಿಗಾಗಿ ಅವಘಡದ ದೃಶ್ಯ ತೋರಿಸುವುದಾದರೂ ಹೀಗೆಯೇ: ಕೈ ಎಲ್ಲಿ ಇಡಬಾರದೆಂಬುದು ಮುಖ್ಯ, ಅದನ್ನು ರೇಖಾಚಿತ್ರದಲ್ಲಿಯೂ ಹೇಳಬಹುದು. ಮೇಲ್ವಿಚಾರಕರನ್ನು ಮೊದಲೇ ಕೇಳಿಕೊಂಡರೆ ಬಹುಮಟ್ಟಿಗೆ ಒಪ್ಪುತ್ತಾರೆ.

ಅದು ನಿಜವೇ ಎಂಬುದನ್ನು ಮೊದಲು ವಿಚಾರಿಸಿ

ಕರುಳು ಹಿಂಡುವ ವಿಡಿಯೋಗಳಲ್ಲಿ ಎಷ್ಟೋ ಹೇಳಿದ ಊರಿನದ್ದೂ ಅಲ್ಲ, ಹೇಳಿದ ಕಾಲದ್ದೂ ಅಲ್ಲ. 2012ರ ಆಗಸ್ಟ್‌ನಲ್ಲಿ ವದಂತಿಯ ಸಂದೇಶಗಳಿಗೂ ಬೇರೆಲ್ಲಿಯದೋ ಚಿತ್ರಗಳಿಗೂ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ರೈಲು ಹತ್ತಿದರು. 2018ರಲ್ಲಿ ಮಕ್ಕಳ ಕಳ್ಳರೆಂಬ ವಿಡಿಯೋವೊಂದು ಕರ್ನಾಟಕದಲ್ಲೆಲ್ಲ ಹರಡಿತು. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗಾಗಿ ಮಾಡಿದ ಕಿರುಚಿತ್ರವಾಗಿತ್ತು. ಬೈಕಿನವರು ಮಗುವನ್ನು ಮರಳಿ ತಂದು ಜಾಗೃತಿಯ ಫಲಕ ಹಿಡಿಯುವ ಕೊನೆಯ ಭಾಗವನ್ನು ಕತ್ತರಿಸಿ ಹಂಚಲಾಗಿತ್ತು. ಅದೇ ವರ್ಷದ ಮೇ ತಿಂಗಳಿನಲ್ಲಿ ಇಂತಹ ವದಂತಿಯನ್ನು ನಂಬಿದ ಗುಂಪು ಬೆಂಗಳೂರಿನಲ್ಲಿ ಹೊರರಾಜ್ಯದ ಯುವಕನೊಬ್ಬನನ್ನು ಹೊಡೆದು ಕೊಂದಿತು. ಆದ್ದರಿಂದ ವಿಡಿಯೋ ತೆರೆಯುವ ಮೊದಲು ಅದರ ಜೊತೆಯ ವಿವರಣೆಯ ಎರಡು ಮೂರು ಪದಗಳನ್ನು ಹಾಕಿ ಹುಡುಕಿ. ನಂಬಲರ್ಹ ಪತ್ರಿಕೆ ಅದರ ಬಗ್ಗೆ ಬರೆದಿದ್ದರೆ ಓದಿಯೇ ವಿಷಯ ತಿಳಿಯಿತು, ನೋಡುವ ಅಗತ್ಯ ತೀರಿತು. ಯಾರೂ ಬರೆದಿಲ್ಲವೆಂದರೆ, ಸುಳ್ಳಿರಬಹುದಾದ ದೃಶ್ಯಕ್ಕಾಗಿ ನಿದ್ದೆಗೆಡುವುದರಲ್ಲಿ ಅರ್ಥವಿಲ್ಲ.

ಸಿನಿಮಾ ಮತ್ತು ವೆಬ್ ಸರಣಿಗಳಿಗೆ ಬೇರೆ ದಾರಿಗಳಿವೆ. 2023ರ ತಿದ್ದುಪಡಿಯ ನಂತರ ಸೆನ್ಸಾರ್ ಪ್ರಮಾಣಪತ್ರದಲ್ಲಿ ಯುಎ ದರ್ಜೆಯನ್ನು 7+, 13+, 16+ ಎಂದು ವಿಂಗಡಿಸಿದ್ದಾರೆ. ಒಟಿಟಿ ವೇದಿಕೆಗಳು 2021ರ ನಿಯಮಗಳಂತೆ ವಯೋಮಿತಿಯ ಜೊತೆಗೆ ಹಿಂಸೆ, ಆತ್ಮಹತ್ಯೆ, ಮಾದಕವಸ್ತು ಮುಂತಾದ ವಿವರವನ್ನೂ ತೋರಿಸಬೇಕು. ಇದು ಸಾಲದಾದರೆ ಸಿನಿಮಾ ಮಾಹಿತಿಯ ಜಾಲತಾಣವಾದ ಐಎಂಡಿಬಿಯಲ್ಲಿ ಪೋಷಕರಿಗಾಗಿ ಇರುವ ವಿಭಾಗದಲ್ಲಿ, ಅಥವಾ 'ಡಸ್ ದ ಡಾಗ್ ಡೈ' ಎಂಬ ಜಾಲತಾಣದಲ್ಲಿ, ನಾಯಿ ಸಾಯುತ್ತದೆಯೇ, ಮಗುವಿಗೆ ಪೆಟ್ಟಾಗುತ್ತದೆಯೇ ಎಂಬಂತಹ ನಿರ್ದಿಷ್ಟ ಪ್ರಶ್ನೆಗಳಿಗೆ ವೀಕ್ಷಕರೇ ಕೊಟ್ಟ ಉತ್ತರಗಳು ಸಿಗುತ್ತವೆ. ಕನ್ನಡ ಚಿತ್ರಗಳಿಗೆ ಅಲ್ಲಿ ವಿವರ ಕಡಿಮೆ. ಅದಕ್ಕೆ ಮೊದಲ ದಿನವೇ ಥಿಯೇಟರಿಗೆ ಓಡುವ ಗೆಳೆಯರೊಬ್ಬರಿದ್ದರೆ ಅವರನ್ನು ಕೇಳುವುದೇ ಸರಿ.

ಎಚ್ಚರಿಕೆಯ ಸಾಲುಗಳ ಬಗ್ಗೆ ಒಂದು ಮಾತು. 2023ರಲ್ಲಿ ಪ್ರಕಟವಾದ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಯ ಪ್ರಕಾರ, ಎಚ್ಚರಿಕೆ ಓದಿ ನಂತರ ನೋಡಿದವರಿಗೆ ಸಂಕಟ ಕಡಿಮೆಯಾಗಲಿಲ್ಲ, ನೋಡುವ ಮುನ್ನಿನ ಆತಂಕ ಮಾತ್ರ ಹೆಚ್ಚಿತು. 'ಎಚ್ಚರಿಕೆ ಓದಿದ್ದೇನೆ, ಈಗ ಸಿದ್ಧನಾಗಿದ್ದೇನೆ' ಎಂಬ ಭಾವನೆ ನಂಬತಕ್ಕದ್ದಲ್ಲ. ಎಚ್ಚರಿಕೆಯಿಂದ ಉಪಯೋಗವಾಗಬೇಕಾದರೆ ಅದನ್ನು ಓದಿ ಹಿಂದಿರುಗುವ ಮನಸ್ಸೂ ನಮಗಿರಬೇಕು.

ನೋಡಲು ತೀರ್ಮಾನಿಸಿದರೆ

ಕೆಲವೊಮ್ಮೆ ನೋಡಬೇಕಾಗುತ್ತದೆ: ವಕೀಲರ ಕೆಲಸವಿರಬಹುದು, ವಿಮೆಯ ಅರ್ಜಿ ಇರಬಹುದು, ನಿಮ್ಮ ಬೀದಿಯಲ್ಲಿಯೇ ನಡೆದ ಘಟನೆ ಇರಬಹುದು. ಆಗ ನೋಡುವ ಸಮಯವನ್ನೂ ಸ್ಥಳವನ್ನೂ ನೀವು ಆರಿಸಿಕೊಳ್ಳಿ. ರಾತ್ರಿ ಊಟವಾದ ಮೇಲೆ ಹಾಸಿಗೆಯಲ್ಲಿ ಒರಗಿಕೊಂಡು ನೋಡುವುದು ಅತ್ಯಂತ ಕೆಟ್ಟ ಆಯ್ಕೆ. ನಿದ್ದೆಗೆಟ್ಟ ದಿನ, ಜ್ವರದ ದಿನ, ಮನೆಯಲ್ಲಿ ಸೂತಕವಿರುವಾಗ ಬೇಡವೇ ಬೇಡ. ಹಗಲಿನಲ್ಲಿ, ಕುರ್ಚಿಯಲ್ಲಿ ಕೂತು, ಮನೆಯಲ್ಲಿ ಇನ್ನೊಬ್ಬರಿರುವಾಗ, ನಂತರ ಮಾಡಲು ಒಂದು ಕೆಲಸವಿರುವಾಗ ನೋಡಿ. ಮೆಟ್ರೋದಲ್ಲೋ ಬಿಎಂಟಿಸಿ ಬಸ್ಸಿನಲ್ಲೋ ತೆರೆದರೆ ಪಕ್ಕದ ಮಗುವೂ ಅದನ್ನು ನೋಡುತ್ತದೆ ಎಂಬುದು ನೆನಪಿರಲಿ.

ಹಿಂಸೆಯ ದೃಶ್ಯಗಳನ್ನು ಕೆಲಸಕ್ಕಾಗಿ ನೋಡುವ ಪತ್ರಕರ್ತರಿಗೂ ಸಾಮಾಜಿಕ ಜಾಲತಾಣಗಳ ಪರಿಶೀಲಕರಿಗೂ ಹೇಳಿಕೊಡುವ ಕ್ರಮಗಳು ಮನೆಯಲ್ಲಿ ಕೂತವರಿಗೂ ಒಗ್ಗುತ್ತವೆ. ಮೊದಲು ಧ್ವನಿಯನ್ನು ಪೂರ್ತಿ ತೆಗೆಯಿರಿ, ಮಾತು ಬೇಕೇಬೇಕೆಂದರೆ ದೃಶ್ಯವನ್ನು ಮುಚ್ಚಿ ಧ್ವನಿಯನ್ನಷ್ಟೇ ಬೇರೆಯಾಗಿ ಕೇಳಿ. ಪರದೆ ತುಂಬುವಂತೆ ಬೇಡ, ಚಿಕ್ಕ ಕಿಟಕಿಯಲ್ಲಿ ಸಾಕು. ಹೊಳಪನ್ನು ತಗ್ಗಿಸಿ, ಫೋನಿನ ಬಣ್ಣವನ್ನು ಕಪ್ಪು ಬಿಳುಪಿಗೆ ಬದಲಿಸಿ. ಐಫೋನ್‌ನಲ್ಲಿ ಆಕ್ಸೆಸಿಬಿಲಿಟಿ ಸೆಟ್ಟಿಂಗ್ಸ್‌ನಲ್ಲಿಯೂ, ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಡಿಜಿಟಲ್ ವೆಲ್‌ಬೀಯಿಂಗ್‌ನ ಬೆಡ್‌ಟೈಮ್ ಮೋಡ್‌ನಲ್ಲಿಯೂ ಈ ಸೌಲಭ್ಯವಿದೆ. ರಕ್ತ ಕೆಂಪಾಗಿ ಕಾಣದಿದ್ದರೆ ಅದರ ಹೊಡೆತ ಎಷ್ಟೋ ತಗ್ಗುತ್ತದೆ. ಮೊದಲೇ ನೋಡಿದವರೊಬ್ಬರು 'ನಲವತ್ತನೇ ಸೆಕೆಂಡಿನಿಂದ ಒಂದು ನಿಮಿಷದವರೆಗೆ ಬಿಟ್ಟುಬಿಡಿ' ಎಂದು ಹೇಳಿದರೆ ಇನ್ನೂ ಒಳ್ಳೆಯದು. ಬೇಕಾದದ್ದು ಸಿಕ್ಕೊಡನೆ ನಿಲ್ಲಿಸಿ, ಎರಡನೆಯ ಬಾರಿ ನೋಡಬೇಡಿ. ಅರ್ಧ ನೋಡಿದ್ದನ್ನು ಮುಗಿಸಲೇಬೇಕೆಂಬ ಹಟವನ್ನು ಊಟದ ತಟ್ಟೆಗೆ ಮೀಸಲಿಡಬಹುದು.

ರಕ್ತ ಕಂಡು ತಲೆ ಸುತ್ತುವವರ ವಿಷಯ ಬೇರೆ. ಇವರಲ್ಲಿ ಎದೆಬಡಿತ ಮೊದಲು ಏರಿ, ನಂತರ ಅದೂ ರಕ್ತದೊತ್ತಡವೂ ಥಟ್ಟನೆ ಇಳಿದುಬಿಡುತ್ತವೆ. ಆದ್ದರಿಂದ ಉಳಿದವರಿಗೆ ಹೇಳುವಂತೆ 'ಮೈ ಸಡಿಲ ಬಿಡಿ' ಎನ್ನುವುದು ಇವರಿಗೆ ತಿರುಗುಮುರುಗಾದ ಸಲಹೆ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್ ಗೋರಾನ್ ಓಸ್ಟ್ 1980ರ ದಶಕದಲ್ಲಿ ರೂಪಿಸಿದ ಕ್ರಮದಲ್ಲಿ ತೋಳು, ಕಾಲು, ಹೊಟ್ಟೆಯ ಸ್ನಾಯುಗಳನ್ನು 10ರಿಂದ 15 ಸೆಕೆಂಡು ಬಿಗಿಹಿಡಿದು, ಮುಖ ಬೆಚ್ಚಗಾದಾಗ ಬಿಟ್ಟು, 20ರಿಂದ 30 ಸೆಕೆಂಡು ತಡೆದು ಮತ್ತೆ ಐದಾರು ಬಾರಿ ಮಾಡುತ್ತಾರೆ. ಇದನ್ನು ಕೂತುಕೊಂಡೇ ಮಾಡಬೇಕು. ಹೃದಯದ ತೊಂದರೆ ಅಥವಾ ಅಧಿಕ ರಕ್ತದೊತ್ತಡ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳಿ ಮುಂದುವರಿಯಬೇಕು.

ನೋಡಿದ ದೃಶ್ಯ ಬಿಡದೆ ಕಾಡಿದರೆ

ಒಂದೆರಡು ದಿನ ಆ ಚಿತ್ರ ಕಣ್ಮುಂದೆ ಬರುವುದು ಸಹಜ, ಅದರಿಂದ ಗಾಬರಿಯಾಗಬೇಕಿಲ್ಲ. ಅದನ್ನು ಅಳಿಸಲೆಂದು ಮತ್ತೊಮ್ಮೆ ನೋಡುವುದಾಗಲಿ, ಅದರ ಬಗ್ಗೆ ಇನ್ನಷ್ಟು ಹುಡುಕುವುದಾಗಲಿ ಬೇಡ. ಆಕ್ಸ್‌ಫರ್ಡ್‌ನಲ್ಲಿ ಎಮಿಲಿ ಹೋಮ್ಸ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಆಘಾತಕಾರಿ ದೃಶ್ಯಗಳ 12 ನಿಮಿಷದ ತುಣುಕನ್ನು ನೋಡಿ ಅರ್ಧ ಗಂಟೆಯ ನಂತರ 10 ನಿಮಿಷ ಟೆಟ್ರಿಸ್ (ಮೇಲಿನಿಂದ ಬೀಳುವ ತುಂಡುಗಳನ್ನು ಜೋಡಿಸುವ ವಿಡಿಯೋ ಆಟ) ಆಡಿದವರಿಗೆ, ಮುಂದಿನ ಒಂದು ವಾರದಲ್ಲಿ ಆ ದೃಶ್ಯಗಳು ಮರುಕಳಿಸಿದ್ದು ಸುಮ್ಮನೆ ಕೂತವರಿಗಿಂತ ಕಡಿಮೆ. ಪ್ರಶ್ನೋತ್ತರದಂತಹ ಮಾತಿನ ಆಟಕ್ಕೆ ಈ ಗುಣವಿಲ್ಲವೆಂದು ಮುಂದಿನ ಪ್ರಯೋಗ ತೋರಿಸಿತು. ದೃಶ್ಯ ನೆನಪಾಗಿ ಗಟ್ಟಿಗೊಳ್ಳುವ ಹೊತ್ತಿನಲ್ಲಿ ಕಣ್ಣಿಗೂ ಆಕಾರಗಳನ್ನು ಜೋಡಿಸುವ ಬುದ್ಧಿಗೂ ಬೇರೆ ಕೆಲಸ ಕೊಡುವುದು ಇದರ ಗುಟ್ಟು ಎಂದು ಅವರ ವಿವರಣೆ. ಚುಕ್ಕಿ ರಂಗೋಲಿಯನ್ನು ಯಾರೂ ಹೀಗೆ ಪರೀಕ್ಷಿಸಿದ್ದು ನಾನು ಕಂಡಿಲ್ಲ, ಆದರೆ ಟೆಟ್ರಿಸ್ ಇಷ್ಟವಿಲ್ಲದವರು ಹದಿನೈದು ಚುಕ್ಕಿಯದೊಂದನ್ನು ಹಾಕಿ ನೋಡುವುದರಿಂದ ನಷ್ಟವಂತೂ ಇಲ್ಲ.

ಎರಡು ಮೂರು ವಾರ ಕಳೆದರೂ ನಿದ್ದೆ ಬಾರದಿದ್ದರೆ, ಆ ರಸ್ತೆಯಲ್ಲಿ ಹೋಗಲು ಹೆದರಿಕೆಯಾದರೆ, ಕೆಲಸ ಕೈಗೆ ಹತ್ತದಿದ್ದರೆ ಒಬ್ಬರೇ ಸಹಿಸಿಕೊಂಡಿರಬೇಡಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು. ನೇರವಾಗಿ ತೋರಿಸಿಕೊಳ್ಳುವವರಿಗೆ ಹೊಸೂರು ರಸ್ತೆಯ ನಿಮ್ಹಾನ್ಸ್ ಇದೆ. 'ಬರೀ ವಿಡಿಯೋ ನೋಡಿ ಹೀಗಾಯಿತು' ಎಂದು ಹೇಳಲು ಸಂಕೋಚ ಬೇಡ. ಇಂತಹ ದೃಶ್ಯಗಳನ್ನು ಪರಿಶೀಲಿಸುವ ಕೆಲಸದಿಂದ ಮಾನಸಿಕ ತೊಂದರೆಗೆ ಒಳಗಾದ ಅಮೆರಿಕದ ನೌಕರರ ಮೊಕದ್ದಮೆಯಲ್ಲಿ ಫೇಸ್‌ಬುಕ್ 2020ರಲ್ಲಿ 5.2 ಕೋಟಿ ಡಾಲರ್ ಕೊಡಲು ಒಪ್ಪಿಕೊಂಡಿತು.

ಕಳುಹಿಸುವವರಿಗೆ ಹೇಳುವುದು

ಹಿರಿಯರು ಕಳುಹಿಸುವುದು ಬಹುತೇಕ ಕಾಳಜಿಯಿಂದ, ಆದ್ದರಿಂದ ಉತ್ತರವೂ ಹಾಗೆಯೇ ಇರಲಿ. 'ದೊಡ್ಡಪ್ಪ, ಇಂಥ ವಿಡಿಯೋ ನೋಡಿದರೆ ನನಗೆ ರಾತ್ರಿ ನಿದ್ದೆ ಬರೋದಿಲ್ಲ. ಏನಾಯ್ತು ಅಂತ ಎರಡು ಸಾಲು ಬರೆದು ಕಳಿಸಿ, ನಾನು ಹುಷಾರಾಗಿರ್ತೀನಿ' ಎಂದರೆ ಯಾರೂ ಬೇಸರಿಸಿಕೊಳ್ಳುವುದಿಲ್ಲ. ಗೆಳೆಯನಿಗೆ 'ಮಗಾ, ಇದನ್ನ ನಂಗೆ ಕಳಿಸ್ಬೇಡ, ಬಾಯಲ್ಲಿ ಹೇಳು ಸಾಕು' ಎಂದರೆ ಮುಗಿಯಿತು. ಫೋನನ್ನು ಮುಖದ ಮುಂದೆ ಹಿಡಿದು 'ನೋಡ್ರೀ ಇದನ್ನ' ಎನ್ನುವ ಸಹೋದ್ಯೋಗಿಗೆ, ನೋಟ ತಿರುಗಿಸಿ 'ಬೇಡ ಸರ್, ಏನದು ಹೇಳಿ' ಎಂದು ಕೇಳುವುದು ಸಾಕಾಗುತ್ತದೆ. ಅಪಾರ್ಟ್‌ಮೆಂಟಿನ ಗುಂಪಿನಲ್ಲಿ ವಿಡಿಯೋ ಹಾಕುವ ಮೊದಲು 'ಇದರಲ್ಲಿ ರಕ್ತವಿದೆ' ಅಥವಾ 'ಮಗುವಿಗೆ ಪೆಟ್ಟಾಗುವ ದೃಶ್ಯ' ಎಂದು ಒಂದು ಸಾಲು ಬರೆಯುವ ಪದ್ಧತಿಯನ್ನು ಕಾರ್ಯದರ್ಶಿಯವರ ಮುಂದಿಡಬಹುದು.

ಕೆಲವು ವಿಡಿಯೋಗಳ ವಿಷಯದಲ್ಲಿ ನೋಡಬೇಕೇ ಎಂಬ ಪ್ರಶ್ನೆಯೇ ಏಳಬಾರದು. ಮಕ್ಕಳ ಲೈಂಗಿಕ ಶೋಷಣೆಯ ದೃಶ್ಯವನ್ನು ಹುಡುಕುವುದು, ಇಟ್ಟುಕೊಳ್ಳುವುದು, ಹಂಚುವುದು ಅಪರಾಧ. ಅತ್ಯಾಚಾರಕ್ಕೆ ಒಳಗಾದವರ ಗುರುತು ಬಹಿರಂಗಪಡಿಸುವುದನ್ನು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಶಿಕ್ಷಾರ್ಹಗೊಳಿಸಿದೆ, 'ನ್ಯಾಯ ಸಿಗಲಿ' ಎಂಬ ಒಕ್ಕಣೆಯೊಂದಿಗೆ ಹಂಚಿದರೂ ತಪ್ಪು ತಪ್ಪೇ. ಇವು ಬಂದರೆ ಯಾರಿಗೂ ಕಳುಹಿಸದೆ, ಬಂದ ಗುಂಪಿನ ಹೆಸರು, ಸಮಯ, ಕಳುಹಿಸಿದ ಸಂಖ್ಯೆಯನ್ನು ಬರೆದುಕೊಂಡು ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲಿ ದೂರು ದಾಖಲಿಸಿ. ನಿಮ್ಮದೇ ಮನೆಯ ಅಥವಾ ಕಾರಿನ ಕ್ಯಾಮೆರಾದಲ್ಲಿ ಅಪಘಾತ ಸೆರೆಯಾಗಿದ್ದರೆ ಅದು ಗುಂಪಿಗೆ ಹೋಗದೆ ಠಾಣೆಗೆ ಹೋಗಲಿ. ಪೊಲೀಸರಿಗೆ ಕೊಡುವ ಮೊದಲು ನೀವು ಅದನ್ನು ಮತ್ತೆ ನೋಡಬೇಕಾಗಿಲ್ಲ. ಕಡತದ ದಿನಾಂಕ, ಗಂಟೆ, ಕ್ಯಾಮೆರಾ ಇದ್ದ ಜಾಗ ತಿಳಿಸಿದರೆ ಉಳಿದದ್ದನ್ನು ಅವರು ನೋಡಿಕೊಳ್ಳುತ್ತಾರೆ.